ಸಾಹೇಬರು ಇದ್ದಾರೆ

ಕುಡಿಯೋದು ಬಿಟ್ಟೆ ಅಂದರೆ ಜನ ಮೆಚ್ಚುತ್ತಾರೆ, ಸುಳ್ಳು ಬಿಟ್ಟೆ ಅಂದರೆ ಜಗಳಕ್ಕೆ ಬರುತ್ತಾರೆ. ತೊಂಬತ್ತರ ದಶಕದ ಒಂದು ಬುದ್ಧ ಪೂರ್ಣಿಮೆಯಂದು ಕೆಸರೆಯಲ್ಲಿ ನಮ್ಮ ಬೀದಿಯವರ ಜೊತೆ ನಿಂತು ಪಂಚಶೀಲ ಸ್ವೀಕರಿಸಿದೆ: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಪರಸ್ತ್ರೀಯ ಕಡೆ ಹೋಗುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ನನ್ನ ಕೆಲಸವೋ, ಕಡಕೊಳದಲ್ಲಿ ಕಬ್ಬಿಣದ ಬೀರು ಮಾಡುವ ಒಂದು ಫ್ಯಾಕ್ಟರಿಯಲ್ಲಿ ಫೋನು ಎತ್ತುವುದು. ಅಂದಿನಿಂದ ಇಂಥವು ನಡೆಯುತ್ತಲೇ ಬಂದವು.

೧. ಇಲಿಯ ಪ್ರಯಾಣ

ಮನೆಯಲ್ಲಿ ಮೊಂಡು ಬಾಲದ ಇಲಿಯೊಂದು ಬೋನಿಗೆ ಬಿತ್ತು. ಮುಳುಗಿಸಲು ಹೆಂಡತಿ ಬಕೆಟ್ಟಿನಲ್ಲಿ ನೀರು ತಂದಳು. ಬೇಡವೆಂದೆ.

"ಇಲ್ಲೇ ಬಿಟ್ರೆ ನಾಳೆ ಅಕ್ಕಿ ಡಬ್ಬಕ್ಕೇ ಬಂದ್ಬುಡುತ್ತೆ ಕಣ್ರೀ" ಎಂದಳು.

ಬೋನನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಚೀಲ ಅಲ್ಲಾಡಿತು. "ಅದ್ರಲ್ಲೇನ್ರೀ?" ಎಂದರು ಪಕ್ಕದವರು. ಸುಳ್ಳಾಡುವಂತಿಲ್ಲ. "ಇಲಿ" ಎಂದೆ. ಮೂವರ ಸೀಟಿನಲ್ಲಿ ಕಡಕೊಳದವರೆಗೂ ನಾನೂ ಇಲಿಯೂ ಇಬ್ಬರೇ ಕೂತು ಹೋದೆವು.

೨. ಕಡಿದ ಫೈಲು

ಫ್ಯಾಕ್ಟರಿ ಹಿಂದಿನ ಬಯಲಿನಲ್ಲಿ ಅದನ್ನು ಬಿಟ್ಟೆ. ಅದಕ್ಕೆ ಬಯಲು ಹಿಡಿಸಲಿಲ್ಲ. ವಾರದೊಳಗೆ ಸಾಹೇಬರ ಮೇಜಿನ ಫೈಲು ಚೂರುಚೂರು.

"ಮೊಂಡು ಬಾಲದ್ದೊಂದು ಓಡಾಡ್ತಿದೆ. ಎಲ್ಲಿಂದ ಬಂತಯ್ಯಾ ಅದು?" ಎಂದು ಸಾಹೇಬರು ಕೂಗಾಡಿದರು.

"ಕೆಸರೆಯಿಂದ ಸಾರ್. ನಾನೇ ಕರ್ಕೊಂಡು ಬಂದೆ."

ಇಡೀ ಆಫೀಸು ತಲೆ ತಗ್ಗಿಸಿಕೊಂಡು ನಕ್ಕಿತು. "ನಾಳೆಯಿಂದ ನಿನ್ನ ಪಂಚಶೀಲ ಗೇಟಿನ ಹೊರಗೆ ಬಿಟ್ಟು ಬಾ" ಎಂದರು ಸಾಹೇಬರು.

"ಅದೇನು ಚಪ್ಪಲಿನಾ ಸಾರ್, ಹೊರಗೆ ಬಿಡೋಕೆ?" ಎಂದೆ.

೩. ಹೊರಡದ ಲಾರಿ

ಹಾಸನದ ದೊಡ್ಡ ಗಿರಾಕಿಯೊಬ್ಬರು ಬೀರುಗಳಿಗಾಗಿ ಫೋನು ಮಾಡಿದರು. "ಲಾರಿ ಹೊರಟಿದೆ ಅನ್ನು" ಎಂದು ಸಾಹೇಬರು ಪಿಸುಗುಟ್ಟಿದರು. ನಾನು ಫೋನಿನಲ್ಲಿ "ಇನ್ನೂ ಬಣ್ಣ ಹೊಡೆದಿಲ್ಲ ಸಾರ್" ಎಂದೆ. ಅವತ್ತೇ ನನ್ನನ್ನು ಗೋಡೌನಿಗೆ ಹಾಕಿದರು. ಇನ್ನೊಂದು ತಪ್ಪಾದರೆ ಕೆಲಸವೇ ಇಲ್ಲ ಎಂದರು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ, ಹೆದರಿಕೆಯಾಯಿತು. ಹೆಂಡತಿಯೇ ಧೈರ್ಯ ಹೇಳಿದಳು: "ಸುಳ್ಳೇಳಿ ತಂದ ಅಕ್ಕಿಗಿಂತ ಇಲಿ ತಿಂದ ಅಕ್ಕಿನೇ ವಾಸಿ ಬುಡಿ."

ಎಂಟು ದಿನದ ಮೇಲೆ ಲಾರಿ ನಿಜವಾಗಿಯೂ ಹೊರಟಿತು. ಗಿರಾಕಿ ನಂಬಲಿಲ್ಲ. ಅವತ್ತು ಫೋನಿನಲ್ಲಿ ಮಾತಾಡಿದವರೇ ಹೇಳಲಿ, ಇಲ್ಲದಿದ್ದರೆ ಆರ್ಡರೇ ಬೇಡ ಎಂದರಂತೆ. ಸಾಹೇಬರು ಗೋಡೌನಿಗೆ ಓಡಿ ಬಂದರು.

"ಬಾರಯ್ಯಾ, ಬಂದು ನಿಜ ಹೇಳು ಬಾ."

೪. ಗೇಟಿನ ಹೊರಗೆ

ಕುರ್ಚಿ ವಾಪಸು ಸಿಕ್ಕಿತು. ಒಂದು ಮಧ್ಯಾಹ್ನ ಸಾಹೇಬರ ಮಾವನವರ ಫೋನು ಬಂತು. ಸಾಹೇಬರು "ಇಲ್ಲ ಅನ್ನು" ಎಂದು ಕೈ ಆಡಿಸಿದರು. ನಾನು ರಿಸೀವರನ್ನು ಕೈಯಿಂದ ಮುಚ್ಚಿ ಹೇಳಿದೆ: "ಇದ್ದೀರಲ್ಲ ಸಾರ್. ಹೊರಗೆ ಹೋಗಿ, ಆಮೇಲೆ ಹೇಳ್ತೀನಿ."

ನನ್ನನ್ನು ಬೈಯುತ್ತಲೇ ಬಿಸಿಲಲ್ಲಿ ಓಡಿದರು. ನನ್ನ ಪಂಚಶೀಲವನ್ನು ಬಿಟ್ಟು ಬಾ ಅಂದಿದ್ದರಲ್ಲ, ಅದೇ ಗೇಟಿನ ಹೊರಗೆ ತಾವೇ ನಿಂತು ಕರವಸ್ತ್ರ ಬೀಸಿದರು.

"ಸಾಹೇಬರು ಇಲ್ಲ ಸಾರ್" ಎಂದೆ ಫೋನಿನಲ್ಲಿ.

"ಹೌದಾ? ಯಾವಾಗ ಹೋದ್ರು?"

"ಈಗ ತಾನೆ ಸಾರ್, ನಿಮ್ಮ ಫೋನು ಅಂತ ಗೊತ್ತಾದ ಮೇಲೆ."