ಸ್ಪೀಡಿನ ಮಾರ್ಕು, ನನ್ನ ಏಜೆನ್ಸಿ

ವಾಹನ ವಿಮೆ ಮಾಡಿಸುವ ಏಜೆಂಟನಿಗೆ ನಗೆಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ, ಅದೂ ಸರಿಯಾಗಿ ಊಟಕ್ಕೆ ಕೂತಾಗ. ರಾಣೆಬೆನ್ನೂರಿನಲ್ಲಿ ಮನೆ, ಹಾವೇರಿಯಲ್ಲಿ ಕಂಪನಿಯ ಬ್ರ್ಯಾಂಚು, ಬ್ಯಾಡಗಿಯಲ್ಲಿ ಗಿರಾಕಿಗಳು. ಈ ಮೂರು ಊರುಗಳ ನಡುವೆ ಹೆಚ್ಚಾಗಿ ಬಸ್ಸಿನಲ್ಲೇ ಓಡಾಡಿಕೊಂಡು ನಾನು ಹದಿನೈದು ವರ್ಷ ಕಾರು, ಟೆಂಪೋ, ಲಾರಿಗಳಿಗೆ ವಿಮೆ ಮಾಡಿಸಿದೆ. ಅದರಲ್ಲಿ ಒಂದೇ ವರ್ಷದ ಸಂಗತಿ ಇಲ್ಲಿ ಹೇಳುತ್ತೇನೆ. ಹೈವೇ ನಾಲ್ಕು ಲೈನಿನದಾದ ಹೊಸತು ಅದು. ಆ ವರ್ಷ ನಾನು ಒಂದು ಸುಳ್ಳು ಹೇಳಿದೆ. ಮುಂದೆ ಆದದ್ದೆಲ್ಲ ಅದರ ಬಾಲ.

೧. ಗಡುವು

ರಸ್ತೆ ಅಗಲವಾದದ್ದೇ ತಡ, ನನ್ನ ಗಿರಾಕಿಗಳಿಗೆಲ್ಲ ಅವಸರ ಶುರುವಾಯಿತು. ಮೊದಲು ಹಾವೇರಿಗೆ ಒಂದು ತಾಸು ತೆಗೆದುಕೊಳ್ಳುತ್ತಿದ್ದವರು ಈಗ ಅರ್ಧ ತಾಸಿನಲ್ಲಿ ಮುಟ್ಟಿ, ಉಳಿದ ಅರ್ಧ ತಾಸು ಚಹಾದಂಗಡಿಯಲ್ಲಿ ಕೂತು ತಾವೆಷ್ಟು ಜೋರಾಗಿ ಬಂದೆವೆಂದು ಹೇಳುತ್ತಿದ್ದರು. ಒಬ್ಬರು ನಿಂತ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದರು. ಇನ್ನೊಬ್ಬರು ರಸ್ತೆ ನಡುವಿನ ಕಟ್ಟೆಗೇ ಕಾರು ಏರಿಸಿದರು. ಕ್ಲೇಮಿನ ಫಾರ್ಮಿನಲ್ಲಿ ಅಪಘಾತದ ಕಾರಣ ಬರೆಯಬೇಕಲ್ಲ, "ಕಟ್ಟಿ ನಿನ್ನೆ ಇರಲಿಲ್ಲ ಅಂತ ಬರೀರಿ" ಎಂದರು. ನಾನು ಹಾಗೆಯೇ ಬರೆದೆ.

ಹಾವೇರಿ ಬ್ರ್ಯಾಂಚಿನ ಮ್ಯಾನೇಜರ್ ಸಾಹೇಬರು ಆ ಫಾರ್ಮು ಓದಿ ನನ್ನನ್ನು ಕರೆಸಿದರು.

"ನಿಮ್ಮ ಗಿರಾಕಿಗಳು ವಿಮಾ ಮಾಡಸ್ತಾರೋ, ಗ್ಯಾರೇಜಿನವನಿಗೆ ನಮ್ಮ ಕಡಿಂದ ಪಗಾರ ಕೊಡಸ್ತಾರೋ? ಮಾರ್ಚ್ ತನಕ ನೋಡ್ತೇನಿ. ಕ್ಲೇಮು ಇಳೀಲಿಲ್ಲಂದ್ರ ನಿಮ್ಮ ಏಜೆನ್ಸಿ ತಗೀಬೇಕಾಗ್ತೈತಿ."

ನಾನು ಹೆದರಿದೆ. ನಲವತ್ತೈದು ದಾಟಿದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಇಬ್ಬರು ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಿದ್ದರು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಸಾವಕಾಶ ಹೊಡೀರಿ ಅಂತ ಅವ್ರಿಗೆ ಹೇಳ್ರಿ" ಎಂದಳು.

"ಹೇಳಿದ್ರ ಕೇಳೂ ಮಂದಿ ಏನ ಅವ್ರು?"

"ಹಂಗಾರ ಹೆದರಸ್ರಿ. ಇಪ್ಪತ್ತು ವರ್ಷ ನಾ ನಿಮ್ಮನ್ನ ಹೆಂಗ ನಡಿಸೇನಿ ಅಂತ ತಿಳದೀರಿ?"

೨. ಬ್ಯಾಡಗಿಯಲ್ಲಿ ಹೇಳಿದ್ದು, ಬಸ್ಸಿನಲ್ಲಿ ಕೇಳಿದ್ದು

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾಹುಕಾರರು ನನ್ನ ಹಳೆಯ ಗಿರಾಕಿ. ಮಧ್ಯಾಹ್ನ ಪೇಟೆಯ ವ್ಯಾಪಾರ ಮುಗಿದ ಮೇಲೆ ಅವರ ಅಂಗಡಿಯಲ್ಲಿ ಐದಾರು ವ್ಯಾಪಾರಿಗಳು ಚಹಾಕ್ಕೆ ಸೇರುತ್ತಿದ್ದರು. ಎಲ್ಲರೂ ಕಾರಿನವರು, ಎಲ್ಲರೂ ನನ್ನ ಗಿರಾಕಿಗಳು, ಎಲ್ಲರೂ ಅವಸರದವರು.

ಕ್ಷೌರದ ಅಂಗಡಿಯಲ್ಲಿ ಪಾಳಿಗೆ ಕಾಯುತ್ತ ಓದಿದ ಒಂದು ಸಂಗತಿ ನನ್ನ ತಲೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ಜೋರಾಗಿ ಕಾರು ಓಡಿಸಿ ಸಿಕ್ಕರೆ ಲೈಸೆನ್ಸಿನ ಮೇಲೆ ಮಾರ್ಕು ಬೀಳುತ್ತವಂತೆ. ಮಾರ್ಕು ಹೆಚ್ಚಾದ ಹಾಗೆ ಕಾರಿನ ವಿಮೆಯ ಕಂತು ಏರುತ್ತದಂತೆ. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ವರ್ಷವಿಡೀ ಕ್ಲೇಮು ಕೇಳದಿದ್ದರೆ ಮುಂದಿನ ಕಂತಿನಲ್ಲಿ ಸ್ವಲ್ಪ ಬಿಡುತ್ತಿದ್ದರು, ಅಷ್ಟೇ. ಚಹಾ ಕುಡಿಯುತ್ತ ನಾನು ಇಂಗ್ಲೆಂಡಿನ ಸುದ್ದಿ ಹೇಳಿದೆ. ಅಲ್ಲಿಯವರೆಗೆ ಎಲ್ಲ ಖರೇ. ಆಮೇಲೆ, "ಇನ್ನ ಮ್ಯಾಲೆ ನಮ್ಮಲ್ಲೂ ಅದ ಕಾಯದೆ ಬರ್ತೈತ್ರಿ" ಎಂದು ಸೇರಿಸಿದೆ.

ಚಹಾದ ಬಸಿಗಳು ಕೆಳಗಿಳಿದವು. "ಎಷ್ಟು ಮಾರ್ಕಿಗೆ ಎಷ್ಟು ಏರತೈತ್ರಿ?" ಎಂದರು ಸಾಹುಕಾರರು.

"ಅದು ಮ್ಯಾಲಿನವ್ರಿಗೆ ಗೊತ್ರಿ."

"ಮಾರ್ಕು ಹಾಕವ್ರು ಯಾರು?"

ಪುಣ್ಯಕ್ಕೆ ಮೆಣಸಿನಕಾಯಿ ಘಾಟಿಗೆ ಸೀನು ಬಂತು. ಬಂದದ್ದು ಒಂದು, ನಾನು ಆರೇಳು ಸೀನಿ, ಕಣ್ಣೊರೆಸಿಕೊಳ್ಳುತ್ತ ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ.

ಬಸ್ಸು ರಾಣೆಬೆನ್ನೂರು ಮುಟ್ಟುವ ಮೊದಲು ಪಕ್ಕದ ಸೀಟಿನ ಗೃಹಸ್ಥರು ನನ್ನ ಕಡೆ ಬಾಗಿ, "ಸುದ್ದಿ ತಿಳಿತೇನ್ರಿ? ಜೋರ ಹೊಡದ್ರ ಮಾರ್ಕು ಬೀಳ್ತಾವಂತ. ಕಾರಿನ ಬಂಪರಿನ್ಯಾಗ ಮಷಿನ್ ಕುಂದ್ರಸ್ಯಾರಂತ" ಎಂದರು.

"ಯಾರು ಹೇಳಿದ್ರಿ?"

"ಬ್ಯಾಡಗಿ ತುಂಬ ಅದ ಮಾತು. ಆದ್ರ ನಿಮ್ಮ ವಿಮಾ ಏಜೆಂಟನ್ನ ಮಾತ್ರ ಕೇಳಬ್ಯಾಡ್ರಿ. ಆ ಮಂದಿ ಖರೇ ಹೇಳೂದಿಲ್ಲ."

೩. ಸಾವಕಾಶದ ಟೆಂಪೋ

ಕುಪ್ಪೇಲೂರಿನಿಂದ ರಾಣೆಬೆನ್ನೂರಿಗೆ ಮಂದಿ ಹೇರಿಕೊಂಡು ಬರುವ ಒಂದು ಟೆಂಪೋ ಇತ್ತು. ಅದರ ಮಾಲೀಕನೇ ಡ್ರೈವರು. ಸುದ್ದಿ ಕೇಳಿದ ಮರುದಿನದಿಂದ ಅವನು ಟೆಂಪೋವನ್ನು ಎಷ್ಟು ಸಾವಕಾಶ ಹೊಡೆಯತೊಡಗಿದನೆಂದರೆ, ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವರು ಕಿಟಕಿಯ ಪಕ್ಕದಲ್ಲಿ ಬರುತ್ತ ಒಳಗಿನವರ ಜೊತೆ ಮಾತಾಡುತ್ತಿದ್ದರು. ಹಿಂದಿನಿಂದ ಸರ್ಕಾರಿ ಬಸ್ಸು ಬಂತೆಂದರೆ ಮಂದಿ ಟೆಂಪೋ ಇಳಿದು, ಕೈ ಮಾಡಿ ಬಸ್ಸು ಹತ್ತುತ್ತಿದ್ದರು. ಟೆಂಪೋ ನಿಲ್ಲಿಸುವ ಅಗತ್ಯವೂ ಅವರಿಗಿರಲಿಲ್ಲ.

ಅವನು ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಮನೆಗೆ ಬಂದ. ನಾನು ಊಟಕ್ಕೆ ಕೂತಿದ್ದೆ. "ಏಜೆಂಟ್ರ, ಜೋರ ಹೊಡದ್ರ ಏರಸ್ತೀರಿ. ಸಾವಕಾಶ ಹೊಡದ್ರ ಇಳಸ್ಬೇಕೋ ಬ್ಯಾಡೋ?"

ಅವನ ಪಾಲಿಸಿ ತೆಗೆದು ನೋಡಿದೆ. ಮುಂದಿನ ವಾರವೇ ವರ್ಷ ತುಂಬುತ್ತಿತ್ತು, ಒಂದೂ ಕ್ಲೇಮು ಇರಲಿಲ್ಲ. ಇರುವುದಾದರೂ ಹೇಗೆ? ಆ ವರ್ಷ ಎಂಟು ತಿಂಗಳು ಅವನ ಟೆಂಪೋ ಎಂಜಿನ್ ಬಿಚ್ಚಿಕೊಂಡು ಗ್ಯಾರೇಜಿನಲ್ಲಿ ನಿಂತಿತ್ತು. ಕ್ಲೇಮು ಇಲ್ಲದವರಿಗೆ ಬಿಡುವ ರಿಯಾಯಿತಿ ತಾನಾಗಿಯೇ ಸಿಕ್ಕು ಕಂತು ಇಳಿಯಿತು. ಅವನು ಆ ಕಾಗದವನ್ನು ಟೆಂಪೋದ ಮುಂದಿನ ಗಾಜಿಗೆ ಅಂಟಿಸಿಕೊಂಡು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿದ. "ಹತ್ತ ದಿನ ಸಾವಕಾಶ ಹೊಡದೇನಿ, ನೋಡ್ರಿ, ಇಳಸ್ಯಾರ!"

ಅಲ್ಲಿಗೆ ನನ್ನ ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು. ಒಂದೇ ತೊಂದರೆಯೆಂದರೆ, ಆ ಕಾಗದ ಅಂಟಿಸಿದ ಮೇಲೆ ಗಾಜಿನೊಳಗಿಂದ ಅವನಿಗೆ ಅರ್ಧ ರಸ್ತೆ ಮಾತ್ರ ಕಾಣುತ್ತಿತ್ತು.

೪. ಮನೆಯವರು ಹಾಕಿಸಿದ ಮಾರ್ಕು

ಬ್ಯಾಡಗಿಯ ಸಾಹುಕಾರರ ಹೆಂಡತಿ ಒಂದು ದಿನ ರಾಣೆಬೆನ್ನೂರಿಗೆ ಸೀರೆ ತೆಗೆದುಕೊಳ್ಳಲು ಬಂದವರು ನಮ್ಮ ಮನೆಗೂ ಬಂದರು.

"ಏಜೆಂಟ್ ಅಣ್ಣಾರ, ನಮ್ಮವ್ರಿಗೆ ಎರಡು ಮಾರ್ಕು ಹಾಕ್ರಿ. ಕಾರಿನ್ಯಾಗ ಕುಂತ್ರ ಜೀವ ಕೈಯಾಗ ಹಿಡಕೊಂಡ ಕುಂದರಬೇಕಾಗೇತಿ. ನಾ ಹೇಳಿದ್ರ ರೇಡಿಯೋ ಜೋರ ಮಾಡ್ತಾರ."

"ಅಕ್ಕಾರ, ಮಾರ್ಕು ಹಾಕೂದು ನನ್ನ ಕೈಯಾಗ ಇಲ್ರಿ."

"ಹಾಕಬ್ಯಾಡ್ರಿ, ಹಾಕೇವಂತ ಫೋನ್ ಮಾಡ್ರಿ ಸಾಕು."

ನನ್ನ ಹೆಂಡತಿ ಅಡುಗೆಮನೆಯಿಂದಲೇ "ಮಾಡ್ರಿ, ಮಾಡ್ರಿ" ಎಂದಳು. ಇಬ್ಬರು ಹೆಂಗಸರ ಎದುರು ನಾನು ಫೋನು ತಿರುಗಿಸಿ, ಸಾಹುಕಾರರಿಗೆ ಎರಡು ಮಾರ್ಕು ಬಿದ್ದಿವೆಯೆಂದು ತಿಳಿಸಿದೆ. ಅವರು, "ಮೊನ್ನೆ ಕದರಮಂಡಲಗಿ ರಸ್ತೇದಾಗ ಹೊಡದದ್ದು ನಿಮಗ ಗೊತ್ತಾತೇನ್ರಿ?" ಎಂದು ಮೆಲ್ಲಗೆ ಕೇಳಿದರು. ನನಗೇನೂ ಗೊತ್ತಿರಲಿಲ್ಲ. "ಗೊತ್ತಾತ್ರಿ" ಎಂದೆ.

ಹದಿನೈದು ದಿನಕ್ಕೆ ಆ ತಾಯಿ ತಿರುಗಿ ಬಂದರು. "ಅಣ್ಣಾರ, ಒಂದು ಮಾರ್ಕು ತಗೀರಿ. ಮುಂಜಾನೆ ಬ್ಯಾಡಗಿ ಬಿಟ್ಟವ್ರು ಮಗ್ಗಲ ಊರು ಕಾಗಿನೆಲೆ ಮುಟ್ಟೂದ್ರಾಗ ಕಟ್ಟಿಕೊಂಡ ಹೋದ ಬುತ್ತಿ ಹಳಸಿತ್ರಿ."

೫. ದಂಡದ ಪಾವತಿ

ನವೆಂಬರದಲ್ಲಿ ಮೋಟೆಬೆನ್ನೂರಿನ ಹತ್ತಿರ, ಹೈವೇ ಬದಿಯ ಹುಣಸೆಮರದ ಕೆಳಗೆ, ಪೊಲೀಸರು ಜೀಪು ನಿಲ್ಲಿಸಿ ಸ್ಪೀಡು ಅಳೆಯುವ ಮಷಿನ್ ಇಟ್ಟರು. ಜೋರಾಗಿ ಬಂದವರನ್ನು ಹಿಡಿದು, ಹೆಸರು, ಊರು, ಉದ್ಯೋಗ ಕೇಳಿ ಬರೆದುಕೊಂಡು, ದಂಡ ಹಾಕಿ ಪಾವತಿ ಚೀಟಿ ಕೊಡುತ್ತಿದ್ದರು. ಅವರಿಗೂ ವಿಮೆಗೂ ಯಾವ ಸಂಬಂಧವೂ ಇರಲಿಲ್ಲ. ಹಾಗೆಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ನಂಬಿಸುವ ಅವಸರ ನನಗೂ ಇರಲಿಲ್ಲ, ಮಾರ್ಚ್ ಹತ್ತಿರ ಬರುತ್ತಿತ್ತು.

ಒಂದು ಮಾರ್ಕು ತೆಗೆದೆನೆಂದು ನಾನು ಹೇಳಿದ ಮೇಲೆ ಮತ್ತೆ ಜೋರು ಹಿಡಿದು, ಮೊದಲ ದಿನವೇ ಸಿಕ್ಕಿಬಿದ್ದ ಸಾಹುಕಾರರು ಪಾವತಿ ಹಿಡಿದುಕೊಂಡು ಓಡಿ ಬಂದರು.

"ಮಾರ್ಕು ಗಾಡಿ ನಂಬರಿನ ಮ್ಯಾಲೆ ಬೀಳ್ತಾವೋ, ಹೆಸರಿನ ಮ್ಯಾಲೆ ಬೀಳ್ತಾವೋ?"

ಬಾಯಿಗೆ ಬಂದದ್ದು ಹೇಳಿದೆ. "ಹೆಸರಿನ ಮ್ಯಾಲೆ ಬೀಳ್ತಾವ್ರಿ."

ಅವರು ಸ್ವಲ್ಪ ವಿಚಾರ ಮಾಡಿ, ಸಮಾಧಾನದಿಂದ ಹೊರಟುಹೋದರು. ಮರುದಿನ ಎರಡು ಕಿಲೋ ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ ಕಳಿಸಿದರು. ಆಮೇಲೆ ಅವರಷ್ಟೇ ಅಲ್ಲ, ಒಬ್ಬ ಗಿರಾಕಿಯೂ ಪಾವತಿ ಹಿಡಿದು ಬರಲಿಲ್ಲ. ಕ್ಲೇಮು ಕೇಳಿದರೆ ಎಷ್ಟು ಜೋರಾಗಿದ್ದಿರೆಂದು ವಿಚಾರಿಸುತ್ತಾರೆ ಎಂದು ಹೆದರಿ, ಕಾರಿಗೆ ಬಿದ್ದ ಸಣ್ಣಪುಟ್ಟ ತಗ್ಗುಗಳನ್ನು ಎಲ್ಲರೂ ತಾವೇ ರಿಪೇರಿ ಮಾಡಿಸಿಕೊಂಡರು. ಹಾವೇರಿಗೆ ಹೋಗಿ, "ನನ್ನ ಗಿರಾಕಿಗಳಿಗೆ ಈಗ ದಂಡಾನೂ ಬೀಳವಲ್ದು ಸಾಹೇಬ್ರ" ಎಂದೆ. ಮ್ಯಾನೇಜರ್ ಸಾಹೇಬರು ನನಗೆ ಚಹಾ ತರಿಸಿದರು. ಹದಿನೈದು ವರ್ಷದಲ್ಲಿ ಆ ಆಫೀಸಿನಲ್ಲಿ ನಾನು ಕುಡಿದ ಚಹಾ ಅದೊಂದೇ.

೬. ರಿಜಿಸ್ಟರು

ಮಾರ್ಚ್ ಬಂತು. ಕ್ಲೇಮು ಅರ್ಧಕ್ಕಿಂತ ಕೆಳಗಿಳಿದಿತ್ತು. ಧೈರ್ಯ ಬಂದು ನಾನು ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡೆ. ಮ್ಯಾನೇಜರ್ ಸಾಹೇಬರು ನನ್ನ ಏಜೆನ್ಸಿ ಮುಂದುವರಿಸುವ ಪತ್ರ ಟೈಪು ಮಾಡಿಸಿ, ಸಹಿ ಮಾತ್ರ ಮಾಡದೆ, "ಬ್ಯಾಡಗಿ ಮಂದಿ ಇಷ್ಟು ಸುಧಾರಿಸ್ಯಾರಂದ್ರ ಒಮ್ಮೆ ಕಣ್ಣಿಂದ ನೋಡಿ ಆಮ್ಯಾಲೆ ಸಹಿ ಮಾಡ್ತೇನಿ" ಎಂದರು. ಆಫೀಸಿನ ಜೀಪು ರಿಪೇರಿಗೆ ಹೋಗಿತ್ತು. ನನ್ನ ಕಾರಿನಲ್ಲೇ ಹಾವೇರಿಯಿಂದ ಹೊರಟೆವು.

"ಮೂರಕ್ಕ ವಾಪಸ್ ಬರಬೇಕು, ಒಂದೀಟು ಲಗೂ ಹೊಡೀರಿ" ಎಂದರು. ಹೊಡೆದೆ. ಹುಣಸೆಮರದ ಕೆಳಗೆ ಪೊಲೀಸ್ ಕೈ ಅಡ್ಡ ಮಾಡಿದ.

ಹೆಸರು ಕೇಳಿದ, ಹೇಳಿದೆ. ಬರೆಯಲು ಹೋದವನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. ರಿಜಿಸ್ಟರಿನ ಹಿಂದಿನ ಹಾಳೆ ತಿರುವಿದ. ಅದರ ಹಿಂದಿನದು, ಅದರ ಹಿಂದಿನದು. ಆಮೇಲೆ ಜೀಪಿನ ಕಡೆ ತಿರುಗಿ, "ಸಾಹೇಬ್ರ, ಅವ್ರು ಬಂದಾರ್ರಿ!" ಎಂದು ಕೂಗಿದ.

ಫೌಜದಾರರು ಟೋಪಿ ಹಾಕಿಕೊಂಡು ಕೆಳಗಿಳಿದರು. "ರಾಣೆಬೆನ್ನೂರಿನ ವಿಮಾ ಏಜೆಂಟ್ರು ನೀವೇನ್ರಿ? ನಾಲ್ಕು ತಿಂಗಳಿಂದ ನಿಮ್ಮನ್ನೊಮ್ಮೆ ನೋಡಬೇಕಂತ ಮಾಡೇನಿ. ದಿನಕ್ಕೊಬ್ಬ ಪೊಲೀಸ್ ಇರ್ತಾನ, ಮುಖ ಯಾರಿಗೂ ನೆನಪಿಲ್ಲ. ನಿಮ್ಮ ಹೆಸರು ಮಾತ್ರ ಎಲ್ಲಾರಿಗೂ ಬಾಯಿಪಾಠ ಆಗೇತಿ." ರಿಜಿಸ್ಟರು ತಾವೇ ಹಿಡಿದು ಓದಿದರು. "ಇಪ್ಪತ್ಮೂರು ಸಲ. ಜನವರಿಯೊಳಗ ಒಂದ ದಿನ, ಹತ್ತಕ್ಕ ಹಾವೇರಿ ಕಡೆ ಬಿಳಿ ಕಾರು, ಹತ್ತೂ ಐದಕ್ಕ ರಾಣೆಬೆನ್ನೂರ ಕಡೆ ಕೆಂಪು ಕಾರು. ಮರುದಿನ ಮೆಣಸಿನಕಾಯಿ ಲಾರಿ. ಹೆಂಗ ಮಾಡ್ತೀರಿ ಇದನ್ನ?"

ಮ್ಯಾನೇಜರ್ ಸಾಹೇಬರು ನನ್ನ ಕಡೆ ತಿರುಗಿ, "ನೀವು ಲಾರಿನೂ ಹೊಡಿತೀರಿ?" ಎಂದರು. ತೊಡೆಯ ಮೇಲಿದ್ದ ಪತ್ರವನ್ನು ಮಡಚಿ ಬ್ಯಾಗಿನೊಳಗಿಟ್ಟು ಝಿಪ್ಪು ಎಳೆದರು. ದಂಡ ಕಟ್ಟಿದೆ. ಇಪ್ಪತ್ತನಾಲ್ಕನೆಯದು. ಬ್ಯಾಡಗಿಯವರೆಗೆ ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಡುತ್ತ ಹೋದೆ.

ಸಾಹುಕಾರರ ಅಂಗಡಿಯಲ್ಲಿ ಎಲ್ಲ ವ್ಯಾಪಾರಿಗಳೂ ಚಹಾಕ್ಕೆ ಕೂತಿದ್ದರು. ಮ್ಯಾನೇಜರ್ ಸಾಹೇಬರು ಕುರ್ಚಿಯಲ್ಲಿ ಕೂಡುತ್ತಲೇ, "ಪೊಲೀಸರಿಗೆ ಇವ್ರ ಹೆಸರು ಕೊಟ್ಟವ್ರು ಯಾರ್ರಿ?" ಎಂದು ನೇರ ಕೇಳಿದರು.

"ನಾವ ಎಲ್ಲಾರೂ ಕೊಟ್ಟೇವ್ರಿ" ಎಂದರು ಸಾಹುಕಾರರು, ಮುಚ್ಚುಮರೆ ಏನೂ ಇಲ್ಲದೆ.

"ಯಾಕ?"

"ನೋಡ್ರಿ ಸಾಹೇಬ್ರ. ಮಾರ್ಕು ಹೆಸರಿನ ಮ್ಯಾಲೆ ಬೀಳ್ತಾವಂತ ಇವ್ರ ಹೇಳಿದ್ರು. ಮಾರ್ಕು ಬಿದ್ರ ಕಾರಿನ ವಿಮಾ ಏರತೈತಿ. ಇವ್ರಿಗೆ ಕಾರ ಇಲ್ಲ. ಎಷ್ಟು ಮಾರ್ಕು ಬಿದ್ರೂ ಇವ್ರಿಗೇನು ಏರ್ಬೇಕು? ಯಾರಿಗೂ ತ್ರಾಸ ಆಗಬಾರ್ದಂತ ಎಲ್ಲಾರೂ ಕೂಡಿ ವಿಚಾರ ಮಾಡೇ ಈ ಹೆಸರು ಆರಿಸೇವ್ರಿ."

ಮ್ಯಾನೇಜರ್ ಸಾಹೇಬರಿಗೆ ಏನೂ ತಿಳಿಯಲಿಲ್ಲ. ನಾನು ಅವರ ಕಿವಿಯ ಹತ್ತಿರ ಹೋಗಿ, ಮಾರ್ಕೂ ಇಲ್ಲ ಏನೂ ಇಲ್ಲ, ಹೆದರಿಸಲು ಹೇಳಿದ ಸುಳ್ಳು ಎಂದು ಒಪ್ಪಿಕೊಂಡೆ. ಅವರು ಮೊದಲು ನನ್ನನ್ನು ನೋಡಿದರು. ಆಮೇಲೆ ಸಾಲಾಗಿ ಕೂತ ವ್ಯಾಪಾರಿಗಳನ್ನು ನೋಡಿದರು. ನಗು ತಡೆಯಲು ಹೋಗಿ ಕೆಮ್ಮು ಬಂತು, ಕೆಮ್ಮಿಗೆ ಮೆಣಸಿನಕಾಯಿ ಘಾಟು ಸೇರಿ ಕಣ್ಣಲ್ಲಿ ನೀರು ಇಳಿಯಿತು. ಕರವಸ್ತ್ರ ತೆಗೆಯಲು ಬ್ಯಾಗು ಬಿಚ್ಚಿದವರು ಪತ್ರವನ್ನೂ ತೆಗೆದು, "ಏನರ ಆಗಲಿ, ಕ್ಲೇಮು ಇಳದಾವು" ಎಂದು ಸಹಿ ಮಾಡಿ ನನ್ನ ಕೈಗೆ ಕೊಟ್ಟರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನನ್ನ ಕಣ್ಣಲ್ಲಿ ಬಂದ ನೀರು ಮೆಣಸಿನಕಾಯಿಯದಲ್ಲ.

ನಮ್ಮನ್ನು ಕಳಿಸಲು ಬಾಗಿಲಿಗೆ ಬಂದ ಸಾಹುಕಾರರು ಹೊರಗೆ ನಿಂತ ಕಾರು ನೋಡಿದರು. "ಇದು ಯಾರದ್ರಿ?"

"ನಂದ್ರಿ. ಹೋದ ವಾರ ತಗೊಂಡೆ."

ಅವರ ಮುಖ ಇಳಿದುಹೋಯಿತು. "ಅಯ್ಯ ಶಿವನ! ಒಂದು ಮಾತು ಕೇಳಬಾರದೇನ್ರಿ ನಮ್ಮನ್ನ? ಇಷ್ಟು ಮಾರ್ಕು ಇಟ್ಕೊಂಡು ಯಾರರ ಕಾರು ತಗೋತಾರೇನ್ರಿ?" ನಿಜವಾಗಿಯೂ ಮರುಗಿದರು. ಹಿಂದೆ ನಿಂತ ವ್ಯಾಪಾರಿಗಳೂ ಚಕ್ ಚಕ್ ಎಂದರು. ಆಮೇಲೆ ಸಾಹುಕಾರರು ಮ್ಯಾನೇಜರರ ಕಡೆ ತಿರುಗಿದರು.

"ಸಾಹೇಬ್ರ, ನಿಮಗ ಸ್ವಂತ ಕಾರು ಐತೇನ್ರಿ?"

"ಇಲ್ಲ. ಆಫೀಸಿನ ಜೀಪಿನ್ಯಾಗ ಅಡ್ಡಾಡ್ತೇನಿ."

ಸಾಹುಕಾರರು ಕಿಸೆಯಿಂದ ಪೆನ್ನು ತೆಗೆದು, ಅಂಗಡಿಯ ಒಂದು ಚೀಟಿಯ ಹಿಂಭಾಗ ತಿರುವಿ ಹಿಡಿದರು.

"ಹಂಗಾರ ನಿಮ್ಮ ಪೂರ್ತಿ ಹೆಸರು ಒಂದೀಟು ಹೇಳ್ರಿ."