ತಪ್ಪೆಂದರೆ ಕೈ ಮೇಲೆ

ಸೂರತ್ತಿನಲ್ಲಿ ನಾನು ಹೆದರುತ್ತಿದ್ದುದು ಒಬ್ಬರಿಗೇ. ನನ್ನ ಚಿಕ್ಕಮ್ಮನಿಗೆ! ಅವಳ ಕೈಯಲ್ಲಿದ್ದ ಆಯುಧ ಯಾವುದು ಗೊತ್ತೇ? ಸೀಮೆಸುಣ್ಣದ ತುಂಡು.

ಚಿಕ್ಕಪ್ಪನದು ಬ್ಯಾಂಕಿನ ಕೆಲಸ. ತೊಂಬತ್ತರ ದಶಕದಲ್ಲಿ ಅವರಿಗೆ ವಡೋದರಾದಿಂದ ಸೂರತ್ತಿಗೆ ವರ್ಗವಾದಾಗ ಶಾಲೆಯ ವರ್ಷ ಅರ್ಧ ಮುಗಿದಿತ್ತು. ಮಕ್ಕಳಿಬ್ಬರಿಗೂ ಎಲ್ಲೂ ಸೀಟು ಸಿಗಲಿಲ್ಲ. "ಬೇಡವೇ ಬೇಡ, ನಾನೇ ಶಾಲೆ" ಎಂದಳು ಚಿಕ್ಕಮ್ಮ. ಅಡಾಜಣ್ ಬಡಾವಣೆಯ ನೆಲಮಹಡಿಯ ಮನೆಯ ಗೋಡೆಗೆ ಕರಿಹಲಗೆ ಬಂತು. ಊರಾಚೆಯ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ಸೇರಿ ಅವರ ಮನೆಯಲ್ಲಿ ಉಳಿದಿದ್ದ ನಾನೂ, ಯಾರೂ ಕೇಳದೆಯೇ, ವಿದ್ಯಾರ್ಥಿಯಾದೆ.

ದಿನಾ ತಿಂಡಿಗೆ ಮೊದಲು ಚಿಕ್ಕಮ್ಮ ಹಲಗೆಯ ಮೇಲೆ ಬೇಕೆಂದೇ ತಪ್ಪುತಪ್ಪಾಗಿ ಒಂದು ಕನ್ನಡ ವಾಕ್ಯ ಬರೆಯುತ್ತಿದ್ದಳು. ಮಕ್ಕಳು ಸರದಿಯಂತೆ ತಿದ್ದಬೇಕು. ಒಬ್ಬರು ಎಡವಿದರೆ ಇನ್ನೊಬ್ಬರು "ತಪ್ಪು!" ಎಂದು ಕೂಗಬೇಕು. ಕೂಗು ಕೇಳಿದೊಡನೆ ಬರೆಯುತ್ತಿದ್ದವರು ಸೀಮೆಸುಣ್ಣ ಬಿಟ್ಟು ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಕೈ ಹಲಗೆಯ ಮೇಲಿದ್ದರೆ ಮಕ್ಕಳು ಒರೆಸಿ ಗೀಚುತ್ತಾರೆ, ಯೋಚಿಸುವುದಿಲ್ಲ ಎಂಬುದು ಅವಳ ಸಿದ್ಧಾಂತ. ಮಾತಿಗೂ ಇದೇ ಕಾನೂನು. ದೊಡ್ಡವರಿಗೂ ವಿನಾಯಿತಿ ಇಲ್ಲ!

ನಾನು ಎಂ.ಎಸ್ಸಿ. ಪಾಸಾದವನು. ಚಿಕ್ಕಮ್ಮನ ಏಳು ವರ್ಷದ ಮಗಳು ಪುಟ್ಟಿಯ ಮುಂದೆ ದಿನಕ್ಕೆಷ್ಟು ಸಲ ಶರಣಾಗುತ್ತಿದ್ದೆನೋ!

ಒಂದು ಭಾನುವಾರ ಊರಿನವರೊಬ್ಬರ ಉಡುಪಿ ಹೋಟೆಲಿಗೆ ಹೋಗಿದ್ದೆವು. "ದೋಸೆಗಳು ಬಂತು" ಎಂದೆ.

"ತಪ್ಪು!" ಎಂದಳು ಪುಟ್ಟಿ.

ಮೊದಲು ತಿಂದ ವಡೆಯ ಚಟ್ನಿ ಮೆತ್ತಿದ ಕೈಗಳು ಮೇಲೆ ಹೋದವು. ಚಟ್ನಿ ತೋಳಿನೊಳಗೆ ಇಳಿಯಿತು. ಯಜಮಾನರು ಗಲ್ಲಾ ಬಿಟ್ಟು ಓಡಿಬಂದರು.

"ಎಂತಾಯ್ತು ಮಾರಾಯ್ರೇ? ದೋಸೆಯಲ್ಲಿ ಎಂತಾದ್ರೂ ಉಂಟಾ?"

"ದೋಸೆ ಸರಿ ಉಂಟು," ಎಂದಳು ಚಿಕ್ಕಮ್ಮ. "ಇವನೇ ಸರಿ ಇಲ್ಲ."

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಹೆಣ್ಣಿನ ತಂದೆ ನನ್ನನ್ನು ನೋಡಲು ಬಂದ ದಿನ? ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಅವರು ಕೇಳಿದರು. "ಪುಸ್ತಕಗಳು ಓದುತ್ತೇನೆ" ಎಂದೆ. ಪರದೆಯ ಹಿಂದಿನಿಂದ ಕೂಗು ಬಂತು. ನನ್ನ ಕೈಗಳು ನನ್ನನ್ನು ಕೇಳಲಿಲ್ಲ, ಮೇಲೆದ್ದವು! ಆ ಮನುಷ್ಯ ಕಾಫಿ ಲೋಟ ಕೆಳಗಿಟ್ಟು ಚಿಕ್ಕಪ್ಪನ ಕಿವಿಯಲ್ಲಿ, ನನಗೂ ಕೇಳುವಷ್ಟು ಮೆಲ್ಲಗೆ, "ಹುಡುಗ ಮೊದಲು ಪೊಲೀಸರ ಕೈಗೆ ಏನಾದ್ರೂ ಸಿಕ್ಕಿದ್ನಾ?" ಎಂದರು.

ಸಂಬಂಧ ಅಲ್ಲಿಗೇ ನಿಂತಿತು. ಮುಖ ಎಲ್ಲಿಡಲಿ?

"ನನಗೆ ನಾಚಿಕೆಯಾಗ್ತದೆ ಚಿಕ್ಕಮ್ಮಾ," ಎಂದೆ.

"ತಿದ್ದಿಸಿಕೊಳ್ಳಲಿಕ್ಕೆ ಎಂತ ನಾಚಿಕೆ ಮಾರಾಯ?"

"ಇದು ನಿಮ್ಮ ಮನೆ, ನಿಮ್ಮ ಮಕ್ಕಳು. ನಾನು ಸಚಿನ್‌ನಲ್ಲೇ ರೂಮು ನೋಡಿಕೊಳ್ತೇನೆ."

ಚಿಕ್ಕಮ್ಮ ಬಟ್ಟೆ ಕೈಗೆತ್ತಿಕೊಂಡಳು. ಹಲಗೆ ಒರೆಸತೊಡಗಿದಳು. ಅದರ ಮೇಲೆ ಏನೂ ಬರೆದಿರಲಿಲ್ಲ.

ರೂಮು ಸಿಗುವ ಮೊದಲೇ ತಾಪಿ ನದಿ ಉಕ್ಕಿತು. ಚಿಕ್ಕಪ್ಪ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದ್ದರು. ಚಿಕ್ಕಮ್ಮ ಮಗನ ಜೊತೆ ಅಕ್ಕಿ ಡಬ್ಬಿ ಹೊತ್ತು ಮೇಲಿನ ಮನೆಯ ಗುಜರಾತಿ ಬೆನ್, ಅಂದರೆ ಅಕ್ಕನ ಹತ್ತಿರ ಹೋಗಿದ್ದಳು. ಪುಟ್ಟಿಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದ್ದೆವು. ಮನೆಯೊಳಗೆ ನೀರು ಹಿಮ್ಮಡಿ ಮುಳುಗುವಷ್ಟಿತ್ತು. ದೀಪ ಇನ್ನೂ ಉರಿಯುತ್ತಿತ್ತು. ಫ್ರಿಜ್ ಹಾಳಾದೀತೆಂದು ನಾನು ಬರಿಗಾಲಲ್ಲಿ ನಿಂತು, ಅದರ ಪ್ಲಗ್ ಕೀಳಲು ಬಗ್ಗಿದೆ. ವಿಜ್ಞಾನ ಓದಿದವನು!

"ತಪ್ಪು!"

ಕೈಗಳು ಮೇಲೆ ಹೋದವು. ಸಿಟ್ಟಿನಿಂದ ತಿರುಗಿದೆ.

"ಏನೇ ತಪ್ಪು? ನಾನು ಮಾತೇ ಆಡಿಲ್ಲವಲ್ಲ!"

"ಕೈ... ಕೈ ಗೀಲಾ ಇದೆ, ಅಣ್ಣ!" ಒದ್ದೆ ಎಂಬ ಕನ್ನಡ ಶಬ್ದ ಅವಳಿಗೆ ಗಾಬರಿಯಲ್ಲಿ ಸಿಗಲಿಲ್ಲ.

ಅವಳ ಮಾತು ಮುಗಿಯುವಷ್ಟರಲ್ಲಿ ಪ್ಲಗ್ಗಿನಿಂದ ಚಟಚಟ ನೀಲಿ ಕಿಡಿ ಹಾರಿತು. ದೀಪ ಆರಿತು. ಸುಟ್ಟ ವಾಸನೆ. ನಾನು ಕೈ ಎತ್ತಿಕೊಂಡೇ ನಿಂತಿದ್ದೆ. ಇವತ್ತಿಗೂ ಪ್ಲಗ್ ಮುಟ್ಟುವ ಮುನ್ನ ಆ ಕಿಡಿ ಕಣ್ಣೆದುರು ಹಾರುತ್ತದೆ. ನನ್ನ ಬೆರಳು ಅಲ್ಲೇ ಇದ್ದಿದ್ದರೆ?

ಪುಟ್ಟಿಯನ್ನು ಎತ್ತಿಕೊಂಡು ಮೇಲೆ ಬಂದೆ. ಒದ್ದೆ ಕೈಯಲ್ಲೇ ಬೆನ್ ಕೊಟ್ಟ ಚಹಾ ಹಿಡಿದೆ. ಪುಟ್ಟಿ ನಡೆದದ್ದನ್ನೆಲ್ಲ ಹೇಳಿದಳು. ಚಿಕ್ಕಮ್ಮ ಬೈಯಲಿಲ್ಲ. ಸೆರಗಿನಿಂದ ನನ್ನ ಕೈ ಒರೆಸಿದಳು, ಒಂದೊಂದೇ ಬೆರಳನ್ನು. ಅಷ್ಟರಲ್ಲಿ ಬೆನ್ ಮನೆಗೆ ಫೋನ್ ಬಂತು, ಚಿಕ್ಕಪ್ಪನದು.

"ಹೆದರಬೇಡಿ!" ಚಿಕ್ಕಮ್ಮ ಫೋನಿನಲ್ಲಿ ಕಿರುಚಿದಳು. "ನನ್ನ ಮೂವರು ಮಕ್ಕಳೂ ಮೇಲೆ ಬಂದಿದ್ದಾರೆ!"

ಪುಟ್ಟಿ ಕೂಗಲು ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಳು.