ನಾಲ್ಕನೇ ನಂಬರಿನ ಬಿಲ್ಲೆ

ನಮ್ಮ ಮನೆಯವರನ್ನು ಕೇಳಿದರೆ, ಈ ಭೂಮಿಯ ಮೇಲೆ ಅತ್ಯಂತ ಅಪಾಯಕಾರಿಯಾದ ಜಾಗ ಸೂರತ್ತಿನ ಪಕ್ಕದ ಹಜೀರಾದ ಕಾರ್ಖಾನೆಯಲ್ಲ, ಜೂನಿಯರ್ ಕೆಜಿ ತರಗತಿ! ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇವರು ಹೇಳಿದರೆ ನಗುವ ಹಾಗಿಲ್ಲ. ಏಕೆಂದರೆ ಇವರು ಅಂಥದೊಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಯಾವುದು ಅಪಾಯ, ಯಾವುದು ಅಲ್ಲ ಎಂದು ಹೇಳುವುದಕ್ಕೇ ಇವರಿಗೆ ಸಂಬಳ. ಸಂಬಳ ಕೊಡುವವರಿಗೆ ಎಂಟೇ ಗಂಟೆ ಹೇಳುತ್ತಾರೆ, ಉಳಿದ ಹದಿನಾರು ಗಂಟೆ ನಮಗೆ ಪುಕ್ಕಟೆ.

ಧಾರವಾಡದಿಂದ ಮದುವೆಯಾಗಿ ಸೂರತ್ತಿಗೆ ಬಂದ ಹೊಸದರಲ್ಲಿ ನಾನು ಬಹಳ ಹಿಗ್ಗಿದ್ದೆ. ಮೆಟ್ಟಿಲು ಇಳಿಯುವಾಗಲೆಲ್ಲ ‘ಕಂಬಿ ಹಿಡಿದು ಇಳಿ’ ಎನ್ನುತ್ತಿದ್ದರು. ಎಂಥ ಪ್ರೀತಿ ಎಂದುಕೊಂಡೆ. ನಾಲ್ಕು ದಿನ ಬಿಟ್ಟು ನೋಡಿದರೆ ಹಾಲಿನವನಿಗೂ ಅದನ್ನೇ ಹೇಳುತ್ತಿದ್ದರು! ನಮ್ಮ ಅಡುಗೆಮನೆಯ ನೆಲದ ಮೇಲೆ ಒಂದು ಹಳದಿ ಪಟ್ಟಿ ಇದೆ. ಕುಕ್ಕರ್ ಕೂಗುವಾಗ ಅದರ ಆಚೆ ಯಾರೂ ಕಾಲಿಡಬಾರದು, ಅಡುಗೆ ಮಾಡುವ ನಾನೂ ಸೇರಿದಂತೆ. ಹಾಗಾದರೆ ಒಲೆ ಆರಿಸುವವರು ಯಾರು ಎಂದು ಒಮ್ಮೆ ಕೇಳಿದ್ದೆ. ಅದರ ಬಗ್ಗೆ ಯೋಚಿಸುತ್ತಿದ್ದೇನೆ ಎಂದರು. ಒಂಬತ್ತು ವರ್ಷವಾಯಿತು, ಇನ್ನೂ ಯೋಚಿಸುತ್ತಿದ್ದಾರೆ.

ಒಂದು ಸಲ ಹುಬ್ಬಳ್ಳಿಯಿಂದ ನಮ್ಮ ಸೋದರತ್ತೆ ಬಂದರು. ರೈಲಿನಲ್ಲಿ ಕೂತು ಕೂತು ಸೊಂಟ ಹಿಡಿದಿತ್ತು ಪಾಪ. ಅವರು ಸೋಫಾದ ಮೇಲೆ ಕೂರುವ ಮೊದಲೇ ಇವರು ಎದುರು ನಿಂತು, ಸೈರನ್ ಆದರೆ ಯಾವ ಬಾಗಿಲಿಂದ ಹೊರಡಬೇಕು, ಯಾವ ಮೆಟ್ಟಿಲು ಇಳಿಯಬೇಕು, ಕೆಳಗೆ ಯಾವ ಬೇವಿನ ಮರದಡಿ ಸೇರಬೇಕು ಎಂದು ಕೈ ಬೀಸಿ ಬೀಸಿ ತೋರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, “ತಮ್ಮಾ, ಮೊದಲ ಒಂದ್ ಕಪ್ ಚಾ ಕೊಡ್ರಿ. ಆಮ್ಯಾಲ ಎಲ್ಲಿಗೆ ಓಡಂತೀರಿ ಅಲ್ಲಿಗೆ ಓಡತೇನಿ” ಎಂದರು.

ಹೋದ ವರ್ಷ ಯುಗಾದಿ ಮುಗಿದ ವಾರ ಕಾರ್ಖಾನೆಯ ಸೈರನ್ ನಿಜವಾಗಿಯೇ ಕೂಗಿತು. ದೊಡ್ಡದೇನೂ ಆಗಿರಲಿಲ್ಲ. ಎಲ್ಲೋ ಒಂದು ವಾಲ್ವ್ ಸೋರಿತ್ತಂತೆ. ಒಳಗಿದ್ದವರನ್ನೆಲ್ಲ ಎಣಿಸಿ ಮುಗಿಯುವವರೆಗೆ ಯಾರನ್ನೂ ಹೊರಗೆ ಬಿಟ್ಟಿರಲಿಲ್ಲ, ಫೋನು ಒಳಗೆ ಒಯ್ಯುವ ಹಾಗೇ ಇಲ್ಲ. ಐದೂವರೆಗೆ ಬರಬೇಕಾದವರು ಒಂಬತ್ತಕ್ಕೆ ಬಂದರು. ಅಷ್ಟು ಹೊತ್ತು ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಏರಿಸಿದೆ. ಬಾಗಿಲು ತೆರೆದವಳು, ಸಾರು ಆರಿ ಹೋಯಿತು ಎಂದು ಸಿಡುಕಿದೆ. ಆಮೇಲೆ ಆ ಸಂಗತಿಯನ್ನು ನಾವು ಯಾರೂ ಎತ್ತಲಿಲ್ಲ.

ಎತ್ತಲಿಲ್ಲ, ಆದರೆ ಮುಂದಿನ ಭಾನುವಾರ ನಮ್ಮ ಮನೆಯ ಬಾಗಿಲ ಪಕ್ಕ ಒಂದು ಹಲಗೆ ಬಂತು. ಹಲಗೆಗೆ ನಾಲ್ಕು ಕೊಕ್ಕೆ, ಕೊಕ್ಕೆಗೆ ಒಂದೊಂದರಂತೆ ಒಂದರಿಂದ ನಾಲ್ಕರವರೆಗೆ ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆ. ಕಾರ್ಖಾನೆಯಲ್ಲಿ ಅಪಾಯದ ಜಾಗಕ್ಕೆ ಹೋಗುವವರೆಲ್ಲ ಹೀಗೆ ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಿ, ಬಂದ ಮೇಲೆ ತಿರುಗಿ ಹಾಕುತ್ತಾರಂತೆ. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಬಂದಿಲ್ಲ ಎಂದರ್ಥ. ನಮ್ಮ ಮನೆಗೂ ಅದೇ ಪದ್ಧತಿ. ಹೊರಗೆ ಹೋಗುವಾಗ ಬಿಲ್ಲೆ ಜೇಬಿನಲ್ಲಿ, ಬಂದ ತಕ್ಷಣ ಕೊಕ್ಕೆಯಲ್ಲಿ. ಇವರು ಒಂದು, ನಾನು ಎರಡು, ಮೂರನೇ ಕ್ಲಾಸಿಗೆ ಹೋಗುವ ಮಗಳು ಮೂರು, ನಾಲ್ಕು ವರ್ಷದ ಮಗ ನಾಲ್ಕು. ನಾನೇಕೆ ಎರಡು ಎಂದು ಜಗಳ ತೆಗೆದೆ. ಸೇವೆಗೆ ಸೇರಿದ ಕ್ರಮದಲ್ಲಿ ಎಂದರು!

ಈ ಪದ್ಧತಿಯಲ್ಲಿ ಒಂದೇ ಒಂದು ಮಹಾಪರಾಧ ಇದೆ. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಒಯ್ಯಬಾರದು. ಆ ಅಪರಾಧವನ್ನು ಮಾಡಿದವಳು ನಾನೇ. ಚಳಿಗಾಲದಲ್ಲಿ ಇಲ್ಲಿ ಸಿಗುವ, ನಮ್ಮ ಅವರೆಯಂಥ ಎಳೆಯ ಪಾಪಡಿಕಾಯಿ ಬಂದಿದೆ ಎಂದು ಕೇಳಿ, ಅವಸರದಲ್ಲಿ ಎರಡರ ಬದಲು ಮೂರನ್ನು ಪರ್ಸಿಗೆ ಹಾಕಿಕೊಂಡು ಮಾರುಕಟ್ಟೆಗೆ ಓಡಿದೆ. ಇವರು ಬಂದು ನೋಡುತ್ತಾರೆ, ಮೂರನೇ ಕೊಕ್ಕೆ ಖಾಲಿ! ವಾಚ್‌ಮನ್ ಕಾಕಾನನ್ನು ಎಬ್ಬಿಸಿ, ಕಾಲೊನಿಯ ಪಾರ್ಕು, ನೀರಿನ ತೊಟ್ಟಿ ಎಲ್ಲ ಹುಡುಕಿಸಿದ್ದಾರೆ. ಮಗಳು ಆಗ ಬಚ್ಚಲುಮನೆಯಲ್ಲಿ ಗಟ್ಟಿಯಾಗಿ ಹಾಡಿಕೊಳ್ಳುತ್ತ ಸ್ನಾನ ಮಾಡುತ್ತಿದ್ದಳು. ಟವೆಲ್ ಸುತ್ತಿಕೊಂಡು ಹೊರಬಂದು, “ಪಪ್ಪಾ, ಮೈ ತೋ ಯಹೀಂ ಹೂಂ” ಎಂದಳು. ಅದಕ್ಕೆ ಇವರು, “ಬೋರ್ಡಿನ ಪ್ರಕಾರ ನೀ ಇಲ್ಲ” ಎಂದರಂತೆ.

ಇಂಥವನ್ನೆಲ್ಲ ಬರೆದಿಡಲು ಒಂದು ಪುಸ್ತಕವೂ ಇದೆ. ಏನಾಯಿತು, ಮಾಡಿದವರು, ಕಾರಣ, ಮುಂದೆ ಹೀಗಾಗದಂತೆ ಕ್ರಮ ಎಂದು ನಾಲ್ಕು ಕಾಲಮು. ಆ ದಿನದ ಕಾರಣ: ಪಾಪಡಿ. ಕ್ರಮ: ನಂ. 2 ಹೊರಡುವ ಮುನ್ನ ಬಿಲ್ಲೆಯ ನಂಬರನ್ನು ಗಟ್ಟಿಯಾಗಿ ಓದುವುದು. ಅಂದಿನಿಂದ ನಾನು ಬಾಗಿಲಲ್ಲಿ ನಿಂತು ‘ಎರಡು’ ಎಂದು ಹೇಳಿಯೇ ಹೊರಡುತ್ತೇನೆ. ಎದುರು ಮನೆಯ ಬೆನ್, ಅಂದರೆ ಗುಜರಾತಿ ಅಕ್ಕ, ಇದು ನಮ್ಮ ಕಡೆಯ ಯಾವುದೋ ಮಂತ್ರ ಎಂದು ತಿಳಿದಿದ್ದಾರೆ.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಈ ವರ್ಷ ಜೂನ್ ಹತ್ತಿರವಾದಂತೆ ನಾನು ದಿನಕ್ಕೆ ಹತ್ತು ಸಲ ಕ್ಯಾಲೆಂಡರ್ ನೋಡುತ್ತಿದ್ದೆ. ಮಗನನ್ನು ಹೋದ ವರ್ಷ ಕಾಲೊನಿಯ ಬಾಲವಾಡಿಗೆ ಹಾಕಿದ್ದೆವು. ಹನ್ನೊಂದು ದಿನ ಹೋದ. ಹನ್ನೊಂದು ದಿನವೂ ಆಟಿಕೆ ಮುಟ್ಟಲಿಲ್ಲ, ಬಾಗಿಲು ಬಿಟ್ಟು ಕದಲಲಿಲ್ಲ. ಹನ್ನೆರಡನೆಯ ದಿನ ನಾವೇ ಸೋತು ಬಿಡಿಸಿದೆವು. ಈಗ ಅಕ್ಕನ ಶಾಲೆಯಲ್ಲೇ ಸೀಟು ಸಿಕ್ಕಿತ್ತು. ಆದರೆ ಪ್ರಿನ್ಸಿಪಾಲರು, ಒಂದು ವಾರ ನೋಡೋಣ, ಕೂರದಿದ್ದರೆ ಮುಂದಿನ ವರ್ಷ ಕರೆತನ್ನಿ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಮನೆಯಲ್ಲೂ ಅವನದು ಹಾಗೇ. ಸಂಜೆಯಾದರೆ ಬೇರೆ ಮಕ್ಕಳೆಲ್ಲ ಕೆಳಗೆ ಆಡುವಾಗ ಇವನು ಹಲಗೆಯ ಕೆಳಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದ. ಕಾರ್ಟೂನ್ ಹಾಕಿದರೂ ಏಳುತ್ತಿರಲಿಲ್ಲ. ಇವರು ಬಂದು ಬಿಲ್ಲೆ ಹಾಕಿ, ಕ್ಯಾಂಟೀನಿನಿಂದ ತಂದ ಚಿಕ್ಕಿ ಕೊಟ್ಟರೆ ಇಳಿದು ಆಡಲು ಓಡುತ್ತಿದ್ದ. ಚಿಕ್ಕಿಯ ಆಸೆ ಎಂದು ನಾನು ಹೊರಗೆ ಹೇಳಿಕೊಳ್ಳುತ್ತಿದ್ದೆ. ಒಳಗೊಳಗೇ, ನನ್ನ ಮಗುವಿಗೆ ಏನೋ ಕಡಿಮೆಯಾಗಿದೆಯೇ, ಮಕ್ಕಳ ಜೊತೆ ಸೇರಲು ಬರುವುದಿಲ್ಲವೇ ಎಂದು ಸಂಕಟಪಡುತ್ತಿದ್ದೆ. ಯಾರನ್ನು ಕೇಳಲಿ? ಫೋನಿನಲ್ಲಿ ಅವ್ವನನ್ನು ಕೇಳಿದರೆ ದೃಷ್ಟಿ ತೆಗೆ ಎಂದಳು. ತೆಗೆದೆ. ಒಣಮೆಣಸಿನಕಾಯಿಯ ಘಾಟಿಗೆ ಇವರು ಕೆಮ್ಮುತ್ತ ಕಿಟಕಿಗಳನ್ನೆಲ್ಲ ತೆರೆದು, ಪುಸ್ತಕದಲ್ಲಿ ‘ವಿಷಾನಿಲ. ಕಾರಣ: ಅತ್ತೆಯವರು’ ಎಂದು ಬರೆದರು.

ಇವರ ಔಷಧಿ ಬೇರೆ ಇತ್ತು. ಮೇ ತಿಂಗಳಿಡೀ ನಮ್ಮ ಪಡಸಾಲೆಯಲ್ಲಿ ಶಾಲೆಯ ಅಣಕು ಪ್ರದರ್ಶನ! ಸ್ಟೀಲ್ ತಟ್ಟೆ ಬಾರಿಸಿದರೆ ಗಂಟೆ. ಗೊಂಬೆ ಕರಡಿ, ಎರಡು ದಿಂಬು, ನಾನು ಸಹಪಾಠಿಗಳು. ಇವರು ಟೀಚರ್ ಆಗಿ ಗುಜರಾತಿಯಲ್ಲಿ ಪ್ರಶ್ನೆ ಕೇಳುವುದು, ಮಗಳು ಅವರ ಗುಜರಾತಿ ತಿದ್ದುವುದು. ಡಬ್ಬಿ ತೆರೆಯಲು ಎಷ್ಟು ಸೆಕೆಂಡು, ನೀರಿನ ಬಾಟಲಿಗೆ ಎಷ್ಟು ಸೆಕೆಂಡು ಎಂದು ಕೊರಳಲ್ಲಿ ಸೀಟಿ ಕಟ್ಟಿಕೊಂಡು ಎಣಿಸುತ್ತಿದ್ದರು. ಮಗ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಮೂರು ಸಲ ತಪ್ಪು ಮಾಡಿದವಳು ನಾನೊಬ್ಬಳೇ.

ಶಾಲೆ ತೆರೆಯುವ ಮುಂಚಿನ ವಾರ ಕೆಜಿ ತರಗತಿ ನೋಡಿ ಬರಲು ಹೋದೆವು. ನಾನು ಟೀಚರ್ ಬೆನ್ ಹತ್ತಿರ ಮಗನ ವಿಷಯ ಹೇಳಿಕೊಳ್ಳುತ್ತಿದ್ದರೆ ಇವರು ಕಾಣೆ. ನೋಡಿದರೆ ಕಾರಿಡಾರಿನಲ್ಲಿ ಬೆಂಕಿ ಆರಿಸುವ ಸಿಲಿಂಡರನ್ನು ತಿರುಗಿಸಿ ತಿರುಗಿಸಿ ತಾರೀಖು ಓದುತ್ತ, ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಾರೆ. ಪ್ಯೂನ್ ಓಡಿ ಹೋಗಿ ಪ್ರಿನ್ಸಿಪಾಲರನ್ನು ಕರೆತಂದ. ಅವರು ಬಂದು ಕೈ ಮುಗಿದು, ಚಹಾ ಬಿಸ್ಕತ್ತು ತರಿಸಿ, ತಾವೇ ಮುಂದಾಗಿ ಟೆರೇಸು, ನೀರಿನ ಟ್ಯಾಂಕು, ಅಡುಗೆಕೋಣೆ ಎಲ್ಲ ತೋರಿಸಿದರು. ಇವರು ಎಲ್ಲೆಡೆ ತಲೆಯಾಡಿಸುತ್ತ ಹದಿನಾಲ್ಕು ದೋಷ ಬರೆದುಕೊಂಡರು. ಕೊನೆಗೆ ಪ್ರಿನ್ಸಿಪಾಲರು ಮೆಲ್ಲಗೆ, ಸಾಹೇಬರು ಯಾವ ಇಲಾಖೆಯಿಂದ ಬಂದದ್ದು ಎಂದು ಹಿಂದಿಯಲ್ಲಿ ಕೇಳಿದರು. ಇವರು ಅಷ್ಟೇ ವಿನಯದಿಂದ ಜೂನಿಯರ್ ಕೆಜಿಯಿಂದ ಎಂದರು. ಕೊಟ್ಟ ಸೀಟು ಅಲ್ಲೇ ಕಿತ್ತುಕೊಳ್ಳುತ್ತಾರೆ ಎಂದು ನಾನು ಇವರ ತೋಳು ಹಿಡಿದು ಗೇಟಿನತ್ತ ಎಳೆದೆ.

ಶಾಲೆ ಶುರುವಾದ ದಿನ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಇವರು ಅರ್ಧ ದಿನ ರಜೆ ಹಾಕಿದ್ದರು. ನಾಲ್ಕೂ ಬಿಲ್ಲೆ ನಾಲ್ವರ ಜೇಬಿಗಿಳಿದು, ಹಲಗೆ ಪೂರ್ತಿ ಖಾಲಿಯಾಯಿತು. ಶಾಲೆಯ ಗೇಟಿನಲ್ಲಿ ಕಾರು ನಿಲ್ಲುತ್ತಲೇ ಮಗಳು, ಪಪ್ಪಾಗೆ ಸೀಟಿ ಊದಲು ಬಿಡಬೇಡ ಎಂದು ನನ್ನ ಕಿವಿಯಲ್ಲಿ ಹೇಳಿ, ನಮಗೂ ತನಗೂ ಸಂಬಂಧವೇ ಇಲ್ಲದವಳಂತೆ ಒಳಗೆ ನಡೆದಳು.

ಗೇಟಿನ ತುಂಬ ಅಳುವ ಮಕ್ಕಳು. ನಮ್ಮವನು ಅಳಲಿಲ್ಲ. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು, ರೇನ್‌ಕೋಟಿನಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟ. ನಾಲ್ಕನೇ ನಂಬರಿನ ಬಿಲ್ಲೆ ಎರಡೂ ಕೈಯಲ್ಲಿ. ಟೀಚರ್ ಬೆನ್ ಬಂದು ಕರೆದರು, ಏಳಲಿಲ್ಲ. ನಾನು ಅಂಗಲಾಚಿದೆ, ಏಳಲಿಲ್ಲ. “ಚಿಂತಾ ನಾ ಕರೋ ಬೆನ್” ಎಂದು ಟೀಚರ್ ನನ್ನ ಬೆನ್ನು ಸವರಿದರು. ಚಿಂತೆ ಮಾಡದೆ ಇರುವುದು ಹೇಗೆ? ಮೆಟ್ಟಿಲ ಮೇಲೆ ನಿಂತ ಪ್ರಿನ್ಸಿಪಾಲರು ನಮ್ಮನ್ನೇ ನೋಡುತ್ತಿದ್ದರು. ಒಂದು ವಾರ ಕೊಟ್ಟಿದ್ದರು, ನಾವು ಐದು ನಿಮಿಷದಲ್ಲೇ ಮುಗಿಸಿಕೊಂಡೆವು ಎಂದು ನನಗೆ ಅಳು ಬಂತು.

ಆಗ ಇವರು ಮಗನ ಎದುರು ಕುಕ್ಕರುಗಾಲಲ್ಲಿ ಕೂತರು.

“ಯಾವುದರ ಹೆದರಿಕಿ ಐತಿ, ಹೇಳು.”

“ಹೆದರಿಕಿ ಇಲ್ಲ.”

“ಮತ್ತ?”

“ನಾ ಇಲ್ಲಿ ಕುಂತ್ರ, ಪಪ್ಪಾ, ನಿನ್ನ ಬಿಲ್ಲೆ ಬಂತೋ ಇಲ್ಲೋ ಯಾರು ನೋಡ್ತಾರ?”

ನಾನು ಇವರ ಮುಖ ನೋಡಿದೆ. ಶಾಲೆ ಬಿಡುವುದು ಹನ್ನೊಂದೂವರೆಗೆ, ತಾನು ಬರುವುದು ಐದೂವರೆಗೆ, ಅಷ್ಟರಲ್ಲಿ ನೀನು ಮನೆಯಲ್ಲೇ ಇರುತ್ತೀ ಎಂದು ಗಡಿಯಾರ ತೋರಿಸಿ ವಿವರಿಸಬಹುದಿತ್ತು. ಅಂಥ ವಿವರಣೆ ಕೊಡುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಆದರೆ ಇವರು ಮಗನ ರೇನ್‌ಕೋಟಿನ ಗುಂಡಿ ಹಾಕತೊಡಗಿದರು. ನಾನು ಡಬ್ಬಿ ಒರೆಸುತ್ತಿದ್ದ ಆ ಸಂಜೆ ಈ ಮಗು ಎಲ್ಲಿತ್ತು? ನನಗೆ ನೆನಪೇ ಇರಲಿಲ್ಲ. ಈಗ ನೆನಪಾಯಿತು. ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ಅಂದಿನಿಂದ ದಿನವೂ ಅದು ಅಲ್ಲೇ ಕೂತಿತ್ತು, ನಾನು ಚಿಕ್ಕಿಯ ಲೆಕ್ಕ ಹಾಕಿಕೊಂಡಿದ್ದೆ.

ಇವರು ಜೇಬಿನಿಂದ ತಮ್ಮ ಬಿಲ್ಲೆ ತೆಗೆದರು.

“ಹಿಂಗ್ ಮಾಡೂಣು. ನಂದು ನೀ ಇಟ್ಕೋ, ನಿಂದು ನಾ ಒಯ್ತೇನಿ. ನಂದನ್ನ ನೀ ಹೋಗಿ ಹಾಕಬೇಕು. ನಿಂದನ್ನ ನಾ ಬಂದು ಹಾಕತೇನಿ.”

ಮಗ ಎರಡೂ ಬಿಲ್ಲೆಗಳನ್ನು ನೋಡಿದ. “ಹಂಗ ಒಯ್ಯಬಾರದು ಅಂತ ರೂಲ್ ಐತಲ್ಲ?”

“ಐತಿ,” ಎಂದರು ಇವರು. “ಇರಲಿ.”

ಅದಲು ಬದಲಾಯಿತು. ಮಗ ಒಂದನೇ ನಂಬರನ್ನು ಮುಷ್ಟಿಯಲ್ಲಿ ಹಿಡಿದು ಎದ್ದ. ಇನ್ನೊಂದು ಕೈಯಲ್ಲಿ ಟೀಚರ್ ಬೆನ್ ಬೆರಳು ಹಿಡಿದು ಒಳಗೆ ಹೋದ. ತಿರುಗಿ ನೋಡಲಿಲ್ಲ. ನಾವಿಬ್ಬರು ಮಾತ್ರ ವಾಚ್‌ಮನ್ ಗೇಟು ಹಾಕಿದ ಮೇಲೂ ಮಳೆಯಲ್ಲಿ ನಿಂತಿದ್ದೆವು.

ಮಧ್ಯಾಹ್ನ ವ್ಯಾನಿನಿಂದ ಇಳಿದ ಮಗ ಬಂದವನೇ ಸ್ಟ್ಯಾಂಡಿನ ಮೇಲೆ ಹತ್ತಿ ಅಪ್ಪನ ಬಿಲ್ಲೆಯನ್ನು ಅಪ್ಪನ ಕೊಕ್ಕೆಗೆ ಹಾಕಿದ. ಬೋರ್ಡಿನ ಪ್ರಕಾರ ಈಗ ಅಪ್ಪ ಮನೆಯಲ್ಲಿ ಮಾವಿನಹಣ್ಣು ತಿನ್ನುತ್ತಿದ್ದರು, ನಾಲ್ಕು ವರ್ಷದ ಮಗ ಹಜೀರಾದಲ್ಲಿ ಡ್ಯೂಟಿಗೆ ಹೋಗಿದ್ದ! ಸಂಜೆ ಅವನು ಎಂದಿನಂತೆ ಸ್ಟ್ಯಾಂಡಿನ ಮೇಲೆ ಕೂತ. ಈ ಸಲ ನಾನೂ ಚಪ್ಪಲಿಗಳನ್ನು ಸರಿಸಿ ಪಕ್ಕದಲ್ಲಿ ಕೂತೆ. ಐದೂವರೆಗೆ ಇವರು ಬಂದರು. ಬೂಟು ಬಿಚ್ಚದೆ ಒಳಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕನೇ ಬಿಲ್ಲೆ ಕೊಕ್ಕೆ ಸೇರಿತು. ಮಗ ಇಳಿದು, ಚಿಕ್ಕಿ ಇಸಿದುಕೊಂಡು, ಆಡಲು ಓಡಿದ.

ಮರುದಿನ ಬೆಳಿಗ್ಗೆ ಯಾರೂ ಹೇಳದೆಯೇ ಮಗ ಒಂದನ್ನೂ ಇವರು ನಾಲ್ಕನ್ನೂ ತೆಗೆದುಕೊಂಡು ಹೋದರು. ಹಲಗೆಯ ಮೇಲೆ ನನ್ನದೊಂದೇ ಉಳಿದಿತ್ತು. ಮೇಜು ಒರೆಸುವಾಗ ಪುಸ್ತಕ ಸಿಕ್ಕಿತು. ಹಿಂದಿನ ದಿನದ ತಾರೀಖಿನ ಕೆಳಗೆ ಇವರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಏನಾಯಿತು: ಒಬ್ಬರ ಬಿಲ್ಲೆ ಇನ್ನೊಬ್ಬರು ಒಯ್ದದ್ದು. ಮಾಡಿದವರು: ನಂ. 1. ಪಾಪಡಿಯನ್ನೂ ಬಿಡದೆ ಕಾರಣ ಬರೆಯುವ ಮನುಷ್ಯ ಕಾರಣದ ಕಾಲಮನ್ನು ಖಾಲಿ ಬಿಟ್ಟಿದ್ದರು. ಕೊನೆಯ ಕಾಲಮಿನಲ್ಲಿ, ಮುಂದೆ ಹೀಗಾಗದಂತೆ ಕ್ರಮ ಎಂಬುದರ ಮುಂದೆ, ಒಂದೇ ಮಾತು: ಬೇಡ.

ನಾನು ಪುಸ್ತಕ ಮುಚ್ಚಿಟ್ಟು ಚಪ್ಪಲಿ ಸ್ಟ್ಯಾಂಡಿನ ಮೇಲೆ ಹೋಗಿ ಕೂತೆ. ವ್ಯಾನು ಬರುವುದಕ್ಕೆ ಇನ್ನೂ ಎರಡು ಗಂಟೆ ಇತ್ತು.